ಒಡೆದ ಒತ್ತಕ್ಷರದ ಪಾಠ: ಕಾಲೇಜು ಸಂಚಿಕೆಯ ತಯಾರಿಯಲ್ಲಿ ತಂತ್ರಾಂಶ ಕಲಿಕೆಯ ಸ್ವರೂಪ

ಪೀಠಿಕೆ

ಕಾಲೇಜು ಸಂಚಿಕೆಗಳನ್ನು ಎಳೆಯ ಲೇಖಕರ ಮೊದಲ ಅಂಗಳವೆಂದು ನಮ್ಮ ಸಾಹಿತ್ಯ ಚರಿತ್ರೆ ಗುರುತಿಸುತ್ತ ಬಂದಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘ 1919ರಲ್ಲಿ ಹೊರಡಿಸಿದ ‘ಪ್ರಬುದ್ಧ ಕರ್ಣಾಟಕ’ ಎ.ಆರ್. ಕೃಷ್ಣಶಾಸ್ತ್ರಿಗಳ ಆರೈಕೆಯಲ್ಲಿ ಬೆಳೆದು, ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ವಿದ್ವತ್ಪತ್ರಿಕೆಯಾಯಿತು. ಇಂಥ ಪತ್ರಿಕೆಗಳಲ್ಲಿ ಯಾರು ಏನು ಬರೆದರು ಎಂಬುದನ್ನು ನಾವು ಬಲ್ಲೆವು. ಬರೆದದ್ದು ಪುಟವಾಗುವಾಗ ವಿದ್ಯಾರ್ಥಿಗಳ ಕೈ ಏನು ಕಲಿಯಿತು ಎಂಬ ಪ್ರಶ್ನೆಗೆ ಮಾತ್ರ ಅಷ್ಟು ಗಮನ ಸಿಕ್ಕಿಲ್ಲ. ಬೆರಳಚ್ಚು, ಪುಟವಿನ್ಯಾಸ, ಛಾಯಾಚಿತ್ರ ಎಲ್ಲವೂ ವಿದ್ಯಾರ್ಥಿಗಳ ಲ್ಯಾಪ್‌ಟಾಪಿಗೇ ಬಂದಿರುವಾಗ ಈ ಪ್ರಶ್ನೆಯನ್ನು ಕೇಳಲೇಬೇಕಾಗಿದೆ.

ಸಂಚಿಕೆ ತಯಾರಿಸುವ ವಿದ್ಯಾರ್ಥಿ ತಂತ್ರಾಂಶವನ್ನು ಕಲಿಯುವುದು ತರಬೇತಿಗಿಂತ ಹೆಚ್ಚಾಗಿ ತಪ್ಪಚ್ಚಿನಿಂದ. ಕನ್ನಡದಲ್ಲಿ ಆ ತಪ್ಪಚ್ಚು ಅವನನ್ನು ಲಿಪಿಯ ಒಳರಚನೆಯವರೆಗೂ ಕರೆದೊಯ್ಯಬಲ್ಲದು. ಆದರೆ ಗಡುವು ಆ ಪಾಠವನ್ನು ಅರ್ಧದಲ್ಲೇ ನಿಲ್ಲಿಸುತ್ತದೆ, ತಂಡ ಬದಲಾದಾಗ ಉಳಿದರ್ಧವೂ ಕಳೆದುಹೋಗುತ್ತದೆ. ಇದು ಈ ಲೇಖನದ ವಾದ. ಇಲ್ಲಿರುವುದು ಸಮೀಕ್ಷೆಯಲ್ಲ. ಕನ್ನಡ ಲಿಪಿತಂತ್ರಜ್ಞಾನದ ಇತಿಹಾಸವನ್ನೂ ತಂತ್ರಾಂಶಗಳ ನಡವಳಿಕೆಯನ್ನೂ ಕಲಿಕೆಯ ಸಿದ್ಧಾಂತಗಳೊಂದಿಗೆ ಇಟ್ಟು ನೋಡುವ ವಿಶ್ಲೇಷಣೆ.

ಸೈದ್ಧಾಂತಿಕ ನೆಲೆ

ದಕ್ಷಿಣ ಫ್ರಾನ್ಸಿನ ಬಾರ್-ಸ್ಯೂರ್-ಲೂ ಎಂಬ ಊರಿನ ಶಾಲಾ ಶಿಕ್ಷಕ ಸೆಲೆಸ್ತಾಂ ಫ್ರೆನೆ 1924ರಲ್ಲಿ ತನ್ನ ತರಗತಿಗೆ ಒಂದು ಪುಟ್ಟ ಮುದ್ರಣಯಂತ್ರ ತಂದ. ಮಕ್ಕಳು ತಮ್ಮ ಬರಹಕ್ಕೆ ತಾವೇ ಮೊಳೆ ಜೋಡಿಸಿದರು. ಉಪಕರಣ ಕಲಿಯುವುದನ್ನೂ ಭಾಷೆ ಕಲಿಯುವುದನ್ನೂ ಫ್ರೆನೆ ಬೇರೆಬೇರೆ ಎಂದು ಎಣಿಸಲಿಲ್ಲ. ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರ ತಮ್ಮ ಪುಸ್ತಕದಲ್ಲಿ, ಹೊಸಬ ಅಂಚಿನ ಸಣ್ಣ ಕೆಲಸಗಳಿಂದ ಶುರುಮಾಡಿ ಹಳಬರ ನಡುವೆ ನಿಂತು ಕಸುಬಿನ ನಡುಭಾಗಕ್ಕೆ ಬರುವ ಬಗೆಯನ್ನು ವಿವರಿಸಿದರು. ಕರಡು ತಿದ್ದಲು ಬಂದವಳು ಮರುವರ್ಷ ಪುಟ ಕಟ್ಟುವುದು ಇದಕ್ಕೆ ನಮ್ಮ ಉದಾಹರಣೆ.

ಇವೆರಡಕ್ಕಿಂತ ನಮಗೆ ಹೆಚ್ಚು ಒದಗುವುದು ಜಾನ್ ಕ್ಯಾರಲ್ ಮತ್ತು ಮೇರಿ ಬೆತ್ ರಾಸನ್ 1987ರಲ್ಲಿ ಗುರುತಿಸಿದ ‘ಸಕ್ರಿಯ ಬಳಕೆದಾರನ ವಿರೋಧಾಭಾಸ’. ಕೆಲಸ ಮುಗಿಸುವ ತವಕವಿರುವವನು ಕಲಿಯಲು ನಿಲ್ಲುವುದಿಲ್ಲ. ಕಲಿತಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಜೊತೆಗೆ, ಹಳೆಯ ಸಲಕರಣೆಯ ಅರಿವನ್ನೇ ಹೊಸದಕ್ಕೂ ಹಚ್ಚುತ್ತಾನೆ. ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲೂ ಸ್ಪೇಸ್ ಬಾರ್ ಒತ್ತಿಒತ್ತಿ ಶೀರ್ಷಿಕೆಯನ್ನು ನಡುವಿಗೆ ತರುವ ವಿದ್ಯಾರ್ಥಿ ಬೆರಳಚ್ಚು ಯಂತ್ರದ ಅಭ್ಯಾಸವನ್ನೇ ಮುಂದುವರಿಸುತ್ತಿದ್ದಾನೆ.

ಕನ್ನಡ ಡಿಟಿಪಿಯ ಪದರಗಳು

ಆಲ್ಡಸ್ ಕಂಪನಿಯ ಪುಟವಿನ್ಯಾಸ ತಂತ್ರಾಂಶವಾದ ಪೇಜ್‌ಮೇಕರ್ ಬಂದದ್ದು 1985ರಲ್ಲಿ. 1994ರಲ್ಲಿ ಅದು ಅಡೋಬಿಯ ಕೈಸೇರಿತು. ಮೊಳೆ ಜೋಡಣೆಯಿಂದ ಹೊರಬಂದ ಕನ್ನಡ ಮುದ್ರಣಾಲಯಗಳು ಶ್ರೀಲಿಪಿ, ಬರಹ, ನುಡಿ ತಂತ್ರಾಂಶಗಳ ಫಾಂಟ್‌ಗಳೊಂದಿಗೆ ಇದನ್ನೇ ಒಗ್ಗಿಸಿಕೊಂಡವು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಮನೆಮಾತಾಗಿಸಿತು. ಅಡೋಬಿ 2001ರಲ್ಲಿ ಪೇಜ್‌ಮೇಕರ್‌ನ 7ನೆಯ ಆವೃತ್ತಿಯನ್ನು ಹೊರತಂದ ಮೇಲೆ ಅದನ್ನು ಮುಂದಕ್ಕೆ ಬೆಳೆಸಲಿಲ್ಲ.

ಅಕ್ಷರ ಸಂಕೇತಗಳ ಜಾಗತಿಕ ಮಾನಕವಾದ ಯೂನಿಕೋಡ್ ಕನ್ನಡಕ್ಕೆ ತನ್ನ ಮೊದಲ ಆವೃತ್ತಿಯಲ್ಲೇ, ಅಂದರೆ 1991ರಲ್ಲೇ, 128 ಸ್ಥಾನಗಳ ನೆಲೆ ಕೊಟ್ಟಿತ್ತು. ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟ್ ಜೊತೆ ಅದನ್ನು ಮನೆಯ ಗಣಕಗಳಿಗೆ ತಂದಿತು. ಪುಟವಿನ್ಯಾಸದ ತಂತ್ರಾಂಶಗಳು ಮಾತ್ರ ತಡಮಾಡಿದವು. ಇನ್‌ಡಿಸೈನ್ ಭಾರತೀಯ ಲಿಪಿಗಳನ್ನು ಅಧಿಕೃತವಾಗಿ ಸೇರಿಸಿಕೊಂಡದ್ದು 2012ರ ಸಿಎಸ್6ರಲ್ಲಿ. ಮುಕ್ತ ತಂತ್ರಾಂಶವಾದ ಸ್ಕ್ರೈಬಸ್‌ಗೆ ಆ ಶಕ್ತಿ ಬಂದದ್ದು 2017ರ 1.5.3 ಆವೃತ್ತಿಯಲ್ಲಿ. ಹೀಗಾಗಿ ಮೊಬೈಲಿನಲ್ಲಿ ಯೂನಿಕೋಡ್ ಬರೆಯುವ ವಿದ್ಯಾರ್ಥಿಯೂ ನುಡಿ-ಪೇಜ್‌ಮೇಕರ್‌ಗೆ ಪಳಗಿದ ಡಿಟಿಪಿ ಕೇಂದ್ರವೂ ಒಂದೇ ಸಂಚಿಕೆಯ ಮೇಲೆ ಎದುರುಬದುರಾಗುತ್ತಾರೆ.

ಒಂದು ಪದ, ಮೂರು ಲೆಕ್ಕ

ಈ ಮುಖಾಮುಖಿಯನ್ನು ‘ಕರ್ನಾಟಕ’ ಎಂಬ ಒಂದೇ ಪದದಲ್ಲಿ ಕಾಣಬಹುದು. ನುಡಿಯ ಕೀಲಿಮಣೆಯಲ್ಲಿ ಇದಕ್ಕೆ 7 ಒತ್ತು: ಕೆ, ಆರ್, ಎಫ್, ಎನ್, ದೊಡ್ಡ ಎ, ಕ್ಯೂ, ಕೆ. ಎಫ್ ಇಲ್ಲಿ ಹಲಂತದ ಕೀಲಿ, ಕ್ಯೂ ಟಕಾರದ ಕೀಲಿ. ಬರಹದ ಲಿಪ್ಯಂತರ ಪದ್ಧತಿಯಲ್ಲಿ ಅಕಾರಗಳನ್ನೂ ಒತ್ತಬೇಕಾದ್ದರಿಂದ 9. ಯೂನಿಕೋಡ್ ಕಡತದಲ್ಲಿ ಉಳಿಯುವುದು 7 ಸಂಕೇತ: ಕ, ರ, ಹಲಂತ, ನ, ದೀರ್ಘ, ಟ, ಕ. ಇದು ಉಚ್ಚಾರಣೆಯ ಕ್ರಮ.

ನುಡಿಯ ಹಳೆಯ ಫಾಂಟ್ ಸಂಕೇತದಲ್ಲಿ ಇದೇ ಪದ 8 ತುಂಡುಗಳಾಗುತ್ತದೆ: ಕಕಾರದ ಒಡಲು, ತಲೆಕಟ್ಟು, ನಕಾರದ ಒಡಲು, ದೀರ್ಘ, ಅರ್ಕಾವೊತ್ತು, ಟ, ಮತ್ತೆ ಕಕಾರದ ಒಡಲು, ತಲೆಕಟ್ಟು. ಬಾಯಿ ಮೊದಲು ನುಡಿಯುವ ರೇಫ ಇಲ್ಲಿ ‘ನಾ’ ಮುಗಿದ ಮೇಲೆ ಬರುತ್ತದೆ. ಕಣ್ಣಿಗೆ ಕಾಣುವ ಕ್ರಮವೇ ಕಡತದ ಕ್ರಮ. ಈ ಲೆಕ್ಕದಲ್ಲಿ ಗಣಕಕ್ಕೆ ಕನ್ನಡ ಗೊತ್ತಿಲ್ಲ. ಕನ್ನಡದ ಆಕಾರಗಳು ಮಾತ್ರ ಗೊತ್ತು. ಫಾಂಟ್ ತೆಗೆದರೆ ಪದ ರೋಮನ್ ಚಿಹ್ನೆಗಳ ಗೋಜಲಾಗುವುದು ಇದಕ್ಕೇ. ಲೇಖಕರ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಹೊರಟರೆ ಹೆಸರುಗಳು ದಿಕ್ಕಾಪಾಲಾಗುವುದೂ ಇದಕ್ಕೇ.

ವ್ಯಾಕರಣದ ತರಗತಿಯಲ್ಲಿ ಸಜಾತೀಯ, ವಿಜಾತೀಯ ಸಂಯುಕ್ತಾಕ್ಷರಗಳ ಪಟ್ಟಿ ಬಾಯಿಪಾಠ ಮಾಡಿದವರಿಗೂ ಅರ್ಕಾವೊತ್ತಿನ ಈ ಸ್ಥಾನಪಲ್ಲಟ ಗಮನಕ್ಕೆ ಬಂದಿರುವುದಿಲ್ಲ. ಕಡತ ಪರಿವರ್ತಿಸುವಾಗ ರೇಫ ತಪ್ಪು ಜಾಗದಲ್ಲಿ ಕೂತದ್ದನ್ನು ತಿದ್ದಿದವಳಿಗೆ ಅದು ಮರೆಯುವುದಿಲ್ಲ.

ಕಾಣದ ಸಂಕೇತ, ಒಡೆದ ಅಕ್ಷರ

ಸಾಧಕರ ಪುಟವಿಲ್ಲದ ಕಾಲೇಜು ಸಂಚಿಕೆ ಅಪರೂಪ. ಅಲ್ಲಿ ಬೇಕಾದದ್ದು ‘ರ‍್ಯಾಂಕ್’. ಅಚ್ಚಾಗುವುದು ಹಲವು ಸಲ ‘ರ್ಯಾಂಕ್’. ರಕಾರದ ಬೆನ್ನಿಗೆ, ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದನ್ನು ಕೊಡದಿದ್ದರೆ ಯೂನಿಕೋಡ್ ಅದನ್ನು ಅರ್ಕಾವೊತ್ತೆಂದೇ ಓದುತ್ತದೆ. ಇದಕ್ಕೆ ತಿರುಗುಮುರುಗಾದದ್ದು ‘ಸಾಫ್ಟ್‌ವೇರ್’. ನಡುವೆ ಬಿಡಿಸುವ ಸಂಕೇತವಿಲ್ಲದಿದ್ದರೆ ಅದು ‘ಸಾಫ್ಟ್ವೇರ್’ ಆಗುತ್ತದೆ. ಕರಡು ತಿದ್ದುವವನು ಕೆಂಪು ಶಾಯಿಯಲ್ಲಿ ಸುತ್ತು ಹಾಕಬಹುದು, ಆದರೆ ತಿದ್ದಬೇಕಾದ ಅಕ್ಷರ ಪುಟದ ಮೇಲೆ ಇಲ್ಲವೇ ಇಲ್ಲ. ಕಾಣದ್ದನ್ನು ತಿದ್ದಲು ರಚನೆಯ ಅರಿವು ಬೇಕು.

ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡ ಅಂಟಿಸಿದಾಗ ಒತ್ತಕ್ಷರಗಳು ಒಡೆದು ಹಲಂತಗಳ ಸಾಲಾಗುವುದು ಇನ್ನೊಂದು ಪರಿಚಿತ ಅವಘಡ. ವಿದ್ಯಾರ್ಥಿಯ ಮೊದಲ ಅನುಮಾನ ಫಾಂಟ್ ಮೇಲೆ. ಅದನ್ನು ಬದಲಿಸಿ ಬದಲಿಸಿ ಸುಸ್ತಾಗುತ್ತಾನೆ. ದೋಷವಿರುವುದು ಅಕ್ಷರಗಳನ್ನು ಕೂಡಿಸುವ ಕಂಪೋಸರ್‌ನಲ್ಲಿ. ಪ್ಯಾರಾಗ್ರಾಫ್ ಆಯ್ಕೆಗಳೊಳಗೆ ‘ವರ್ಲ್ಡ್-ರೆಡಿ’ ಕಂಪೋಸರ್ ಆರಿಸಿದರೆ ಒಡೆದದ್ದು ಕೂಡಿಕೊಳ್ಳುತ್ತದೆ. ಅಕ್ಷರದ ಚಿತ್ರ ಬೇರೆ, ಚಿತ್ರಗಳನ್ನು ಕೂಡಿಸುವ ವಿಧಿ ಬೇರೆ ಎಂಬ ಅರಿವು ಮೂಡುವುದು ಇಲ್ಲಿ.

ಗಡುವು ಅಡ್ಡಬರುವುದೂ ಇಲ್ಲೇ. ನಾಳೆ ಮುದ್ರಣಾಲಯಕ್ಕೆ ಕೊಡಬೇಕೆಂದಾಗ ತಂಡ ಕಾರಣ ಹುಡುಕದೆ, ಎಲ್ಲ ಲೇಖನಗಳನ್ನೂ ಹಳೆಯ ಸಂಕೇತಕ್ಕೆ ಪರಿವರ್ತಿಸಿ ಪೇಜ್‌ಮೇಕರ್‌ಗೆ ಮರಳುತ್ತದೆ. ಸಂಚಿಕೆ ಹೊರಬರುತ್ತದೆ. ಅದರ ಬರಹಗಳು ಮಾತ್ರ ಮುಂದೆ ಹುಡುಕಲೂ ಮರುಬಳಸಲೂ ಬಾರದ ಕಡತಗಳಾಗಿ ಉಳಿಯುತ್ತವೆ. ಕ್ಯಾರಲ್ ಮತ್ತು ರಾಸನ್ ಹೇಳಿದ ವಿರೋಧಾಭಾಸ ಇದೇ.

ಕ್ಯಾಮೆರಾ ಮತ್ತು ಮಡಿಕೆ

ಉಪಕರಣಗಳ ಪಾಠ ಇದಕ್ಕಿಂತ ಸರಳ, ಏಕೆಂದರೆ ಅಲ್ಲಿ ತಪ್ಪಿಗೆ ಲೆಕ್ಕವಿದೆ. ಮುದ್ರಣಕ್ಕೆ ಅಂಗುಲಕ್ಕೆ 300 ಬಿಂದು ಬೇಕೆಂಬುದು ರೂಢಿಯ ಅಳತೆ. 4000 ಪಿಕ್ಸೆಲ್ ಅಗಲದ ಮೊಬೈಲ್ ಚಿತ್ರ 13 ಅಂಗುಲದವರೆಗೂ ನಿಲ್ಲುತ್ತದೆ. ಅದೇ ಚಿತ್ರ ಕೈಯಿಂದ ಕೈಗೆ ಸಂದೇಶವಾಗಿ ದಾಟುವಾಗ 1200 ಪಿಕ್ಸೆಲ್‌ಗೆ ಕುಗ್ಗಿದರೆ ದಕ್ಕುವುದು 4 ಅಂಗುಲ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುವುದರಿಂದ ವ್ಯತ್ಯಾಸ ತಿಳಿಯುವುದು ಅಚ್ಚಾದ ಮೇಲೆ.

ಪುಟಸಂಖ್ಯೆಯ ಗುಟ್ಟು ಕಲಿಯಲು ಯಂತ್ರವೂ ಬೇಡ. ಒಂದು ಹಾಳೆಯನ್ನು ಮೂರು ಸಲ ಮಡಿಸಿದರೆ 8 ಎಲೆ, 16 ಪುಟ: ಒಂದು ಫಾರಂ. ಮಡಿಕೆಯ ಮೇಲೆ ಪುಟಸಂಖ್ಯೆ ಬರೆದು ಹಾಳೆ ಬಿಚ್ಚಿದರೆ 1ರ ಪಕ್ಕ 16 ಕೂತಿರುತ್ತದೆ, ಕೆಲವು ಅಂಕಿಗಳು ತಲೆಕೆಳಗಾಗಿರುತ್ತವೆ. ‘ಇನ್ನೊಂದೇ ಪುಟ ಸೇರಿಸಿ’ ಎಂಬ ಕೋರಿಕೆ ಏಕೆ ದುಬಾರಿ ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಉಪಸಂಹಾರ

ಅಂಚಿನಿಂದ ನಡುವಿಗೆ ಬರುವ ಕಲಿಕೆಗೆ ನಡುವಿನಲ್ಲಿ ಹಳಬರು ಇರಬೇಕು. ಕಾಲೇಜು ಸಂಚಿಕೆಯಲ್ಲಿ ಹಳಬರು ಅಂತಿಮ ವರ್ಷ ಮುಗಿಸಿ ಹೊರಟುಬಿಡುತ್ತಾರೆ. ಮೊಳೆಯ ಕಾಲದಲ್ಲಿ ಕಸುಬು ಮುದ್ರಣಾಲಯದ ಜೋಡಣೆಗಾರರ ಕೈಯಲ್ಲಿ ಉಳಿಯುತ್ತಿತ್ತು. ಈಗ ಅದು ವಿದ್ಯಾರ್ಥಿಯ ಲ್ಯಾಪ್‌ಟಾಪಿನೊಂದಿಗೇ ಊರು ಬಿಡುತ್ತದೆ. ಆದ್ದರಿಂದ ಪ್ರತಿ ಜೂನ್‌ನಲ್ಲಿ ಹೊಸ ತಂತ್ರಾಂಶದ ಕಾರ್ಯಾಗಾರ ನಡೆಸುವುದಕ್ಕಿಂತ, ಕಲಿತದ್ದು ಕೈದಾಟುವ ಏರ್ಪಾಡು ಮುಖ್ಯ.

ಅದಕ್ಕೆ ಬೇಕಾದದ್ದು ಹೆಚ್ಚಿಲ್ಲ. ಸಂಚಿಕೆಯ ಎಲ್ಲ ಬರಹಗಳ ಯೂನಿಕೋಡ್ ಪ್ರತಿ, ಪ್ಯಾರಾ ಶೈಲಿಗಳನ್ನು ಕಟ್ಟಿಟ್ಟ ಮಾದರಿ ಕಡತ, ಕುಗ್ಗಿಸದ ಚಿತ್ರಗಳು, ಜೊತೆಗೆ ಈ ವರ್ಷ ಎಲ್ಲಿ ಎಡವಿದೆವು, ಹೇಗೆ ಎದ್ದೆವು ಎಂಬ ಎರಡು ಪುಟದ ಟಿಪ್ಪಣಿ. ಇವನ್ನು ಗ್ರಂಥಾಲಯದಲ್ಲಿ, ಅಚ್ಚಾದ ಸಂಚಿಕೆಯ ಜೊತೆಗೇ ಇರಿಸಬೇಕು. ಸಂಚಿಕೆಗಳ ಹೊಣೆ ಹೊತ್ತ ಅಧ್ಯಾಪಕರಲ್ಲಿ ಕೋರುವುದಿಷ್ಟೆ: ಪುಟಗಳು ಮುದ್ರಣಾಲಯಕ್ಕೆ ಹೋದ ದಿನವೇ, ನೆನಪು ಹಸಿಯಾಗಿರುವಾಗಲೇ, ಆ ಎರಡು ಪುಟ ಬರೆಸಿ. ಮುಂದಿನ ವರ್ಷದ ತಂಡ ಮೊದಲು ಓದಬೇಕಾದದ್ದು ಸಂಪಾದಕೀಯವನ್ನಲ್ಲ, ಅದನ್ನು.