ಗೋಧಿಯ ಬಯಲಿನ ಹಳೆಯ ಚೀಟಿಗಳು

ಚರಿತ್ರೆ ಬರೆಯುವವರು ಶಾಸನ, ಒಪ್ಪಂದ, ಸರ್ಕಾರದ ವರದಿ ಇವುಗಳನ್ನು ಹುಡುಕಿಕೊಂಡು ಹೋಗುವುದು ವಾಡಿಕೆ. ಅವೆಲ್ಲ ಮುಂದಿನವರು ನೋಡಲೆಂದೇ ಬರೆದಿಟ್ಟ ದಾಖಲೆಗಳು. ಆದರೆ ನಾಲ್ಕು ದಿನದ ಬಳಕೆಗೆಂದು ಅಚ್ಚಾಗಿ, ಐದನೆಯ ದಿನ ಒಲೆಗೆ ಬೀಳಬೇಕಾಗಿದ್ದ ಕಾಗದಗಳೂ ಒಮ್ಮೊಮ್ಮೆ ಉಳಿದುಕೊಂಡುಬಿಡುತ್ತವೆ. ಕರಪತ್ರ, ಬೆಲೆಪಟ್ಟಿ, ತೂಕದ ಚೀಟಿ, ಹರಾಜಿನ ಪ್ರಕಟಣೆ ಇಂಥವು. ಇವನ್ನು ಅಚ್ಚು ಹಾಕಿಸಿದವರಿಗೆ ಚರಿತ್ರೆಯ ಭಯವಿರಲಿಲ್ಲ. ಆದ್ದರಿಂದಲೇ ಇವು ಎಷ್ಟೋ ಸಂಗತಿಗಳನ್ನು ಬಾಯಿತಪ್ಪಿ ಹೇಳಿಬಿಡುತ್ತವೆ. ಕೆನಡಾ ದೇಶದ ಪಶ್ಚಿಮದ ಬಯಲುಸೀಮೆಯ ಕಾಗದಗಳು ಇದಕ್ಕೆ ಒಳ್ಳೆಯ ನಿದರ್ಶನ.

ಮ್ಯಾನಿಟೋಬ, ಸಸ್ಕಾಚೆವನ್, ಆಲ್ಬರ್ಟ ಪ್ರಾಂತಗಳ ದಕ್ಷಿಣದಲ್ಲಿ ಹಬ್ಬಿದ ಹುಲ್ಲುಗಾವಲು ಇದು. 1872ರ ಭೂಮಿ ಕಾಯಿದೆಯ ಪ್ರಕಾರ 10 ಡಾಲರ್ ಶುಲ್ಕ ಕಟ್ಟಿದವನಿಗೆ 160 ಎಕರೆ ದೊರೆಯುತ್ತಿದ್ದಿತು. ಮೂರು ವರ್ಷ ನೆಲಸಿ, ನೆಲ ಉತ್ತು, ಮನೆ ಕಟ್ಟಿಕೊಂಡರೆ ಅದು ಅವನ ಸ್ವಂತ. 1896ರಿಂದ 1905ರವರೆಗೆ ಆಂತರಿಕ ಖಾತೆಯ ಮಂತ್ರಿಯಾಗಿದ್ದ ಕ್ಲಿಫರ್ಡ್ ಸಿಫ್ಟನ್ನನು ಈ ಸುದ್ದಿಯನ್ನು ಹಲವು ಭಾಷೆಗಳ ಕರಪತ್ರಗಳಲ್ಲಿ ಅಚ್ಚು ಹಾಕಿಸಿ ಬ್ರಿಟನ್, ಯೂರೋಪು, ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲೆಲ್ಲ ಹಂಚಿಸಿದನು. ಮುಖಪುಟದ ಮೇಲೆ ಎದೆಯೆತ್ತರದ ಹೊನ್ನಿನ ಬಣ್ಣದ ಗೋಧಿ. ಒಳಗಿನ ಭಾಷೆಯಂತೂ ಭಾಷಾಭ್ಯಾಸಿಗಳು ಗಮನಿಸಬೇಕಾದದ್ದು. ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿಳಿಯುವ ಸೀಮೆಯ ವರ್ಣನೆಯಲ್ಲಿ 'ಚಳಿ' ಎಂಬ ಮಾತನ್ನು ಆದಷ್ಟೂ ದೂರವಿಟ್ಟಿದ್ದಾರೆ. ಅದರ ಬದಲು ಮೈಗೆ ಹುರುಪು ಕೊಡುವ, ಚೇತನ ತುಂಬುವ ಹವೆ ಎಂಬ ಬಣ್ಣನೆ. ಓದಿ ಬಂದವರಲ್ಲಿ ಅನೇಕರು ಮೊದಲ ಚಳಿಗಾಲವನ್ನು ಹುಲ್ಲುಬೇರಿನ ಮಣ್ಣಿನ ಹೆಂಟೆಗಳನ್ನು ಪೇರಿಸಿ ಕಟ್ಟಿದ ಗುಡಿಸಲಲ್ಲಿ ಕಳೆದರು.

ಆ ಗುಡಿಸಲಿಗೆ ಬಂದ ಎರಡನೆಯ ಕಾಗದ ಈಟನ್ ಅಂಗಡಿಯ ಬೆಲೆಪಟ್ಟಿ. ಟೊರಾಂಟೊ ನಗರದ ಈ ಅಂಗಡಿ 1884ರಲ್ಲಿ 32 ಪುಟಗಳ ಪುಸ್ತಿಕೆಯಾಗಿ ಅದನ್ನು ಆರಂಭಿಸಿತು. 1905ರಲ್ಲಿ ವಿನಿಪೆಗ್ಗಿನಲ್ಲಿಯೂ ಮಳಿಗೆ ತೆರೆಯಿತು. ಸೂಜಿಯಿಂದ ಹಿಡಿದು ನೇಗಿಲಿನವರೆಗೆ ಎಲ್ಲವೂ ಅದರಲ್ಲಿ ಚಿತ್ರಸಮೇತ ಇದ್ದುವು. ಅಂಚೆಯಲ್ಲಿ ಹಣ ಕಳಿಸಿದರೆ ಸಾಮಾನು ರೈಲಿನಲ್ಲಿ ಬರುತ್ತಿದ್ದಿತು. 1910ರಿಂದ 1932ರವರೆಗೆ ಇಡೀ ಮನೆಯ ನಕ್ಷೆ, ಮರಮುಟ್ಟುಗಳನ್ನೂ ಹೀಗೆಯೇ ತರಿಸಿಕೊಳ್ಳಬಹುದಾಗಿದ್ದಿತು. ಹೊಸ ಪಟ್ಟಿ ಬಂದೊಡನೆ ಹಳೆಯದು ಮಕ್ಕಳ ಕೈಸೇರುತ್ತಿದ್ದಿತು. ಹೆಣ್ಣುಮಕ್ಕಳು ಚಿತ್ರ ಕತ್ತರಿಸಿ ಬೊಂಬೆ ಮಾಡಿದರು. ಗಂಡುಹುಡುಗರು ಅದನ್ನು ಮೊಣಕಾಲಿನ ಕೆಳಗೆ ಕಟ್ಟಿಕೊಂಡು ಮಂಜಿನ ಮೇಲೆ ಹಾಕಿ ಆಡಿದರು. ಪರಭಾಷೆಯ ವಲಸೆಗಾರರು ಇಂಗ್ಲಿಷ್ ಕಲಿತದ್ದೂ ಉಂಟು. ಕೊನೆಗೆ ಉಳಿದ ಹಾಳೆಗಳು ಹಿತ್ತಲ ಕಕ್ಕಸಿಗೆ ಹೋಗುತ್ತಿದ್ದುವು. ಜನ ಇದನ್ನು 'ರೈತನ ಬೈಬಲ್' ಎಂದು ಕರೆದದ್ದು ಅರ್ಧ ತಮಾಷೆ, ಅರ್ಧ ನಿಜ. 1976ರಲ್ಲಿ ಅದು ನಿಂತಿತು.

ಮೂರನೆಯದು ಧಾನ್ಯದ ಚೀಟಿ. ರೈಲ್ವೆ ದಾರಿಯ ಪಕ್ಕದ ಎತ್ತರದ ಮರದ ಕಣಜಕ್ಕೆ ರೈತ ಗೋಧಿ ಸುರಿದರೆ, ಅಲ್ಲಿಯ ಏಜೆಂಟನು ತೂಕ, ದರ್ಜೆ, ಕಸಕ್ಕೆಂದು ಕಳೆದ ಪಾಲು, ಬೆಲೆ ಎಲ್ಲವನ್ನೂ ಬರೆದುಕೊಡುತ್ತಿದ್ದನು. ವರ್ಷದ ದುಡಿಮೆ ಅಂಗೈಯಗಲದ ಕಾಗದಕ್ಕೆ ಇಳಿಯುತ್ತಿದ್ದಿತು. ಕಣಜದ ಕಂಪನಿಯ ಹಂಗು ಬೇಡವೆಂದವರು ರೈಲು ವ್ಯಾಗನ್ನಿಗಾಗಿ ಸ್ಟೇಷನ್ನಿನ ಸರತಿ ಪುಸ್ತಕದಲ್ಲಿ ಹೆಸರು ಬರೆಸಬಹುದಾಗಿದ್ದಿತು. ಆ ಸರತಿಯನ್ನು ಮೀರಿ ವ್ಯಾಗನ್ ಹಂಚಿದ ಸಿಂಟಲೂಟ ಊರಿನ ಸ್ಟೇಷನ್ ಏಜೆಂಟನ ಮೇಲೆ ರೈತರು 1902ರಲ್ಲಿ ಮೊಕದ್ದಮೆ ಹೂಡಿ ಗೆದ್ದರು. ಮುಂದಿನ ರೈತ ಚಳವಳಿಗೆ ಬಲ ಬಂದದ್ದು ಇಂಥ ಗೆಲುವುಗಳಿಂದ. ಮೂವತ್ತರ ದಶಕದ ಬರ, ಧೂಳಿನ ಬಿರುಗಾಳಿಗಳ ಕಾಲಕ್ಕೆ ಕಾಗದದ ಬಗೆಯೂ ಬದಲಾಯಿತು. 1929ರಲ್ಲಿ ಬುಷೆಲ್ಲಿಗೆ ಒಂದು ಡಾಲರಿಗೂ ಮೇಲಿದ್ದ ಗೋಧಿ 1932ರ ಡಿಸೆಂಬರಿನಲ್ಲಿ ಸುಮಾರು 39 ಸೆಂಟಿಗೆ ಇಳಿದಿದ್ದಿತು. ಆಗ ಅಚ್ಚಾದ ಹರಾಜಿನ ಪ್ರಕಟಣೆಗಳಲ್ಲಿ ಕುದುರೆ, ನೇಗಿಲು, ಒಲೆ, ಮಂಚ ಎಂದು ಒಂದು ಸಂಸಾರವೇ ಸಾಲುಸಾಲಾಗಿ ಪಟ್ಟಿಯಾಗಿದೆ.

ಇಷ್ಟೂ ವಲಸೆ ಬಂದವರ ಕಥೆ. ಆದರೆ ಆ 160 ಎಕರೆಗಳು ಯಾರಿಗೂ ಸೇರದೆ ಬಿದ್ದಿದ್ದುವೇ? ಕ್ರೀ, ಬ್ಲ್ಯಾಕ್‌ಫುಟ್ ಮೊದಲಾದ ಜನಾಂಗಗಳ ನೆಲ ಅದು. 1871ರಿಂದ 1877ರವರೆಗೆ ಏಳು ಒಪ್ಪಂದಗಳ ಮೂಲಕ ಸರ್ಕಾರ ಅವರನ್ನು ಮೀಸಲು ಪ್ರದೇಶಗಳಲ್ಲಿ ನೆಲೆಗೊಳಿಸಹೊರಟಿತು. 1885ರ ಬಂಡಾಯದ ನಂತರ ಅವರಿಗಾಗಿ ಇನ್ನೊಂದು ಕಾಗದ ಅಚ್ಚಾಯಿತು: ರಹದಾರಿ ಚೀಟಿ. ಹೆಸರು, ಹೋಗುವ ಕಾರಣ, ಎಷ್ಟು ದಿನ ಎಂದು ತುಂಬಿ ಸರ್ಕಾರಿ ಏಜೆಂಟನು ರುಜು ಹಾಕಿದರೆ ಮಾತ್ರ ಮೀಸಲು ಪ್ರದೇಶದ ಗಡಿ ದಾಟಬಹುದು. ಇದಕ್ಕೆ ಯಾವ ಕಾನೂನಿನ ಆಧಾರವೂ ಇರಲಿಲ್ಲ. ಅಧಿಕಾರಿಗಳಿಗೂ ಅದು ತಿಳಿದೇ ಇದ್ದಿತು. ಆದರೂ ಇಪ್ಪತ್ತನೆಯ ಶತಮಾನದಲ್ಲೂ ದಶಕಗಟ್ಟಲೆ ನಡೆಯಿತು. ಅವರು ಬೆಳೆದ ಗೋಧಿಯನ್ನು ಮಾರಲು ಬೇರೊಂದು ಪರವಾನಗಿ ಬೇಕಾಗಿದ್ದಿತು. 1881ರಲ್ಲಿ ಹುಟ್ಟಿದ ಆ ನಿಯಮದ ಉಳಿಕೆ ಕಾಯಿದೆಯ ಪುಸ್ತಕದಿಂದ ಪೂರ್ತಿಯಾಗಿ ಅಳಿಸಿಹೋದದ್ದು 2014ರಲ್ಲಿ.

ಸಿಫ್ಟನ್ನನ ಕರಪತ್ರವನ್ನೂ ಈ ರಹದಾರಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಎರಡೂ ಒಂದೇ ಸರ್ಕಾರದವು, ಒಂದೇ ಕಾಲದವು. ಸಾಗರದಾಚೆಯವನಿಗೆ ಬಾ ಎನ್ನುತ್ತದೆ ಒಂದು. ನೆಲದ ಮಗನಿಗೆ ಕದಲಬೇಡ ಎನ್ನುತ್ತದೆ ಇನ್ನೊಂದು. ವಲಸೆಗಾರನ ಧಾನ್ಯದ ಚೀಟಿ ಅವನ ಆದಾಯದ ಲೆಕ್ಕ. ಕ್ರೀ ರೈತನಿಗೆ ಆ ಚೀಟಿಗೆ ಮೊದಲೇ ಮತ್ತೊಬ್ಬನ ಅಪ್ಪಣೆ ಬೇಕು. ಹಳೆಯ ಬೆಲೆಪಟ್ಟಿಗಳನ್ನು ಜನ ಅಕ್ಕರೆಯಿಂದ ಕೂಡಿಡುತ್ತಾರೆ. ಅದು ಸಹಜ, ತಪ್ಪೂ ಅಲ್ಲ. ಆದರೆ ಅಕ್ಕರೆ ಹುಟ್ಟಿಸುವ ಕಾಗದಗಳನ್ನಷ್ಟೇ ಆಯ್ದು ಕಟ್ಟಿದ ಚರಿತ್ರೆಯಲ್ಲಿ ಗೋಧಿ ಇರುತ್ತದೆ, ಅದನ್ನು ಬೆಳೆದ ನೆಲ ಯಾರದೆಂಬುದು ಇರುವುದಿಲ್ಲ.