ರಾತ್ರಿ ಪಾಳಿಯ ರಿಜಿಸ್ಟರು

ಮದರಾಸಿನಲ್ಲಿ ದಿಕ್ಕಿಲ್ಲದ ಮುದುಕರನ್ನು ನೋಡಿಕೊಳ್ಳುವ ಕೆಲಸ ಗಂಜಿಯಿಂದ ಶುರುವಾಯಿತು. ನಮ್ಮ ಮೈಸೂರಿನ ಹೈದರಾಲಿಗೂ ಕಂಪನಿಗೂ ಯುದ್ಧ ನಡೆಯುತ್ತಿದ್ದ ಕಾಲ. ಹಳ್ಳಿಗಳು ಹಾಳಾಗಿ, ಬರ ಬಂದು, ಹಸಿದ ಜನ ಪಟ್ಟಣಕ್ಕೆ ನಡೆದು ಬಂದರು. 1782ರಲ್ಲಿ ಅವರಿಗಾಗಿ ಊರಿನ ಉತ್ತರಕ್ಕೆ ಗಂಜಿಕೇಂದ್ರ ತೆರೆದರು. ಅದೇ ಮೊನೆಗಾರ್ ಛತ್ರ. 1799ರಲ್ಲಿ ಜಾನ್ ಅಂಡರ್‌ವುಡ್ ಎಂಬ ವೈದ್ಯ ಬಡವರಿಗಾಗಿ ಆಸ್ಪತ್ರೆಯೊಂದನ್ನು ಕಟ್ಟಿದ. ಅದು ಬೆಳೆದು ಇವತ್ತಿನ ಸ್ಟಾನ್ಲಿ ಆಯಿತು, ಛತ್ರ ವೃದ್ಧರ ಆಸರೆಯಾಗಿ ಉಳಿಯಿತು. ಉತ್ತರ ಚೆನ್ನೈನ ಹಿರಿಯರ ಬಾಯಲ್ಲಿ ಸ್ಟಾನ್ಲಿ ಇನ್ನೂ ‘ಕಂಜಿ ತೊಟ್ಟಿ’ ಆಸ್ಪತ್ರೆಯೇ.

ನಾನು ಈ ಊರಿನ ವಾರ್ಡುಗಳಲ್ಲಿ ಸಿಸ್ಟರ್ ಆಗಿ ದುಡಿದು ನಿವೃತ್ತಳಾದವಳು. ಈಗ ಪೋರೂರಿನಲ್ಲಿದ್ದೇನೆ. ಈ ಚರಿತ್ರೆಯನ್ನು ನಾನು ನೋಡುವುದು ವಾರ್ಡಿನ ರಿಪೋರ್ಟ್ ಬುಕ್ಕಿನ ಕಡೆಯಿಂದ. ಗಂಜಿ ಕುಡಿಯುವವನು ಹೊಯ್ಯುವವನ ಲೆಕ್ಕ ಕೇಳುವುದಿಲ್ಲ. ಲೆಕ್ಕ ದಾನಿಗೆ ಹೋಗುತ್ತದೆ, ಸರ್ಕಾರಕ್ಕೆ ಹೋಗುತ್ತದೆ. ಹಾಸಿಗೆಯಲ್ಲಿ ಮಲಗಿದವರಿಗೂ ಅವರ ಮಕ್ಕಳಿಗೂ ಬರುವುದಿಲ್ಲ. ತಿಂಗಳು ತಿಂಗಳು ಹಣ ಕೊಟ್ಟು ನೋಡಿಕೊಳ್ಳಿ ಎನ್ನುವ ಕಾಲ ಬಂದ ಮೇಲೂ ಈ ರೂಢಿ ಹಾಗೆಯೇ ಉಳಿಯಿತು.

1978ರಲ್ಲಿ ಸಾವಿತ್ರಿ ವೈದಿ ಅವರು ನಿರ್ಗತಿಕ ಅಜ್ಜಿಯರಿಗಾಗಿ ಚೆನ್ನೈನಲ್ಲಿ ‘ವಿಶ್ರಾಂತಿ’ ಆರಂಭಿಸಿದಾಗ ಇಂಥ ಜಾಗಗಳು ವಿರಳ. ಪೋರೂರು ಆಗ ಚೆಂಗಲ್ಪಟ್ಟು ಜಿಲ್ಲೆಗೆ ಸೇರಿದ, ಕೆರೆಯ ಹೆಸರಿನಿಂದ ಗುರುತಾಗುತ್ತಿದ್ದ ಊರು. 1985ರಲ್ಲಿ ರಾಮಚಂದ್ರ ವೈದ್ಯಕೀಯ ಕಾಲೇಜು ಬಂತು, 2011ರಲ್ಲಿ ಊರು ಚೆನ್ನೈ ಕಾರ್ಪೊರೇಷನ್ನಿಗೆ ಸೇರಿತು. ದೊಡ್ಡಾಸ್ಪತ್ರೆ ಇದ್ದ ಕಡೆ ಡಿಸ್ಚಾರ್ಜ್ ಆದರೂ ಎದ್ದು ಓಡಾಡಲಾಗದವರು ಇರುತ್ತಾರೆ. ಲಕ್ವ ಹೊಡೆದವರು, ಮೂಗಿನಲ್ಲಿ ಟ್ಯೂಬು ಇದ್ದವರು, ಕೆಥೀಟರ್ ಹಾಕಿಸಿಕೊಂಡವರು. ಮಗ ಅಮೆರಿಕದಲ್ಲಿ, ಮಗಳು ಬೆಂಗಳೂರಿನಲ್ಲಿ. ಇಂಥವರಿಗಾಗಿ ಇಲ್ಲಿನ ಮನೆಗಳ ಕೆಳಮಹಡಿಯಲ್ಲಿ ಕಬ್ಬಿಣದ ಮಂಚಗಳು ಬಿದ್ದವು, ಗೇಟಿಗೆ ವೃದ್ಧರ ಆರೈಕೆಯ ಬೋರ್ಡು ಏರಿತು.

ತಮಿಳುನಾಡು 1997ರಲ್ಲಿ ಮಾಡಿದ ಎರಡು ಕಾನೂನುಗಳನ್ನು ಒಟ್ಟಿಗೆ ನೋಡಬೇಕು. ಒಂದು ಮಾಹಿತಿ ಹಕ್ಕಿನ ಕಾನೂನು. ಇಡೀ ದೇಶಕ್ಕೆ 2005ರಲ್ಲಿ ಬಂದ ಆ ಹಕ್ಕನ್ನು ಈ ರಾಜ್ಯ ಎಂಟು ವರ್ಷ ಮೊದಲೇ ಬರೆದಿಟ್ಟಿತ್ತು. ಇನ್ನೊಂದು ಖಾಸಗಿ ಆಸ್ಪತ್ರೆ, ನರ್ಸಿಂಗ್ ಹೋಮುಗಳನ್ನು ನೋಂದಣಿಗೆ ತರುವ ಕಾನೂನು. ಅದಕ್ಕೆ ನಿಯಮಗಳು ಹೊರಬಿದ್ದದ್ದು 2018ರಲ್ಲಿ. ಇಪ್ಪತ್ತೊಂದು ವರ್ಷ ಕಾನೂನು ಇತ್ತು, ಜಾರಿ ಮಾಡುವ ದಾರಿ ಇರಲಿಲ್ಲ. ನಾನು ಸೇವೆಯಲ್ಲಿದ್ದ ಕಾಲದ ಬಹುಭಾಗ ಆ ಖಾಲಿಯಲ್ಲೇ ಕಳೆಯಿತು. ಕರ್ನಾಟಕದಲ್ಲಿ 1976ರಲ್ಲೇ ನರ್ಸಿಂಗ್ ಹೋಮುಗಳಿಗೆ ಕಾಯ್ದೆ ಬಂದಿತ್ತು, 2007ರ ಕಾಯ್ದೆ ದರಪಟ್ಟಿಯನ್ನು ಜನರ ಕಣ್ಣಿಗೆ ಬೀಳುವಂತೆ ಹಾಕಬೇಕೆಂದಿತು. ಆದರೆ ದರ ಗೊತ್ತಾದ ಮಾತ್ರಕ್ಕೆ ಆರೈಕೆ ಹೇಗಿದೆಯೆಂದು ಗೊತ್ತಾಗುವುದಿಲ್ಲ.

ನಮ್ಮ ದೊಡ್ಡಮ್ಮನಿಗೆ ಲಕ್ವ ಹೊಡೆದಾಗ ಇಂಥದೊಂದು ಮನೆಗೆ ವಿಚಾರಿಸಲು ಹೋದೆ. ಮ್ಯಾನೇಜರ್ ಸೌಮ್ಯ ಮನುಷ್ಯ. ಏಸಿ ತೋರಿಸಿದರು, ಟಿವಿ ತೋರಿಸಿದರು, ಸಿಸಿ ಕ್ಯಾಮೆರಾ ತೋರಿಸಿದರು.

“ಮಗ್ಗುಲು ಬದಲಿಸಿದ ಚಾರ್ಟ್ ಎಲ್ಲಿದೆ ಸಾರ್?” ಎಂದೆ.

“ಎಲ್ಲಾ ಹುಡುಗಿಯರು ಚೆನ್ನಾಗಿ ನೋಡಿಕೊಳ್ಳುತ್ತಾರಮ್ಮಾ. ಬರೆದಿಡುವ ಪದ್ಧತಿ ಇಲ್ಲ.”

ಎದ್ದು ಕೂರಲಾಗದವರನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಇಲ್ಲದಿದ್ದರೆ ಸೊಂಟದ ಕೆಳಗೆ ಚರ್ಮ ಮೊದಲು ಕೆಂಪಾಗುತ್ತದೆ, ಆಮೇಲೆ ಒಡೆಯುತ್ತದೆ, ಕೊನೆಗೆ ಮೂಳೆ ಕಾಣುತ್ತದೆ. ರಾತ್ರಿ ಹತ್ತಕ್ಕೆ ಎಡ, ಹನ್ನೆರಡಕ್ಕೆ ಬಲ ಎಂದು ಸಹಿ ಹಾಕಿ ಬರೆಯುವುದು ಕಾಗದದ ಶಾಸ್ತ್ರವಲ್ಲ. ಎರಡು ಗಂಟೆಗೆ ಯಾರೂ ಏಳಲಿಲ್ಲವೆಂದು ಬೆಳಿಗ್ಗೆ ಪತ್ತೆಯಾಗುವುದು ಆ ಖಾಲಿ ಗೆರೆಯಿಂದಲೇ. ಕ್ಯಾಮೆರಾ ಹಜಾರವನ್ನು ನೋಡುತ್ತದೆ, ಬೆನ್ನನ್ನಲ್ಲ. ದೊಡ್ಡಮ್ಮನನ್ನು ಅಲ್ಲಿ ಬಿಡಲಿಲ್ಲ.

ಈ ರಾಜ್ಯದಲ್ಲಿ ಮುಚ್ಚಿದ ಬಾಗಿಲುಗಳನ್ನು ತೆರೆಸಿದ್ದು ಪ್ರಶ್ನೆಗಳಲ್ಲ, ಸಾವುಗಳು. 2001ರ ಆಗಸ್ಟ್ 6ರ ನಸುಕಿನಲ್ಲಿ ರಾಮನಾಥಪುರ ಜಿಲ್ಲೆಯ ಏರ್ವಾಡಿಯ ಮಾನಸಿಕ ರೋಗಿಗಳ ಗುಡಿಸಲಿಗೆ ಬೆಂಕಿ ಬಿತ್ತು. ಸಂಕೋಲೆ ಹಾಕಿದ್ದರಿಂದ ಓಡಲಾಗಲಿಲ್ಲ, 28 ಜನ ಸತ್ತರು. ಪರವಾನಗಿ ಬೇಕೆನ್ನುವ ಮಾನಸಿಕ ಆರೋಗ್ಯ ಕಾಯ್ದೆ 1987ರಲ್ಲೇ ಆಗಿತ್ತು. ಸುಪ್ರೀಂ ಕೋರ್ಟು ತಾನಾಗಿ ಪ್ರಕರಣ ಕೈಗೆತ್ತಿಕೊಂಡ ಮೇಲೆ ರಾಜ್ಯಗಳು ಎಚ್ಚೆತ್ತವು. 2017ರ ಹೊಸ ಕಾಯ್ದೆ ಸಂಕೋಲೆಯನ್ನೇ ನಿಷೇಧಿಸಿತು.

2018ರ ಫೆಬ್ರವರಿಯಲ್ಲಿ ಕಾಂಚೀಪುರಂ ಜಿಲ್ಲೆಯ ಪಾಲೇಶ್ವರಂ. ತರಕಾರಿ ಚೀಲ, ಒಂದು ಶವ ಮತ್ತು ಬದುಕಿದ್ದ ಇಬ್ಬರು ವೃದ್ಧರನ್ನು ಒಟ್ಟಿಗೆ ತುಂಬಿಕೊಂಡು ಹೊರಟಿದ್ದ ವ್ಯಾನಿನಿಂದ ಅಜ್ಜಿಯೊಬ್ಬರು ಕೂಗಿಕೊಂಡರು, ಜನ ತಡೆದರು. ಕಂದಾಯ ಅಧಿಕಾರಿಗಳು ಅಲ್ಲಿನ ಆಶ್ರಮವನ್ನು ತಪಾಸಣೆ ಮಾಡಿದರು, ಅಲ್ಲಿದ್ದವರನ್ನು ಬೇರೆಡೆಗೆ ಸಾಗಿಸಿದರು. ಕಾಂಕ್ರೀಟ್ ಗೂಡುಗಳಲ್ಲಿ ಶವ ಇಡುತ್ತಿದ್ದ ರೀತಿ ದೊಡ್ಡ ಸುದ್ದಿಯಾಯಿತು. ನಡೆಸುತ್ತಿದ್ದವರು ಆರೋಪಗಳನ್ನು ಅಲ್ಲಗಳೆದರು. ಆ ವಾದ ಏನೇ ಇರಲಿ, ಒಬ್ಬ ಅಜ್ಜಿ ಕೂಗಿಕೊಂಡ ಮೇಲೆಯೇ ಊರಿಗೆ ಒಳಗಿನ ಕಥೆ ತಿಳಿಯಬೇಕಾಯಿತಲ್ಲ, ಅದು ನನ್ನನ್ನು ಇಂದಿಗೂ ಬಾಧಿಸುತ್ತದೆ.

ಪಾಲಕರ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆ ಮಕ್ಕಳ ಕರ್ತವ್ಯವನ್ನು ವಿವರವಾಗಿ ಹೇಳುತ್ತದೆ. ಜಿಲ್ಲೆಗೊಂದಾದರೂ 150 ಜನರ ಸರ್ಕಾರಿ ವೃದ್ಧಾಶ್ರಮ ಸ್ಥಾಪಿಸಬಹುದು ಎನ್ನುತ್ತದೆ. ಆದರೆ ಖಾಸಗಿ ಆಶ್ರಮಗಳ ನೋಂದಣಿಗೆ ಮೂಲ ಕಾಯ್ದೆಯಲ್ಲಿ ಕಲಮು ಇಲ್ಲ. ಅದನ್ನು ಸೇರಿಸುವ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂತು. ಆ ಲೋಕಸಭೆಯ ಅವಧಿಯ ಜೊತೆಗೆ 2024ರಲ್ಲಿ ಬಿದ್ದುಹೋಯಿತು. ಈಚೆಗೆ ತಮಿಳುನಾಡಿನ ಜಿಲ್ಲಾಧಿಕಾರಿಗಳು ವೃದ್ಧಾಶ್ರಮಗಳು ನೋಂದಾಯಿಸಿಕೊಳ್ಳಲೇಬೇಕು ಎಂದು ಪ್ರಕಟಣೆ ಹೊರಡಿಸುತ್ತಿರುವುದು ಒಳ್ಳೆಯದೇ. ಆದರೆ ಗೋಡೆಯ ಮೇಲಿನ ಪ್ರಮಾಣಪತ್ರ ಯಾವಾಗ ಯಾರು ಬಂದು ನೋಡಿದರು, ಏನು ಕಂಡರು ಎಂದು ಹೇಳುವುದಿಲ್ಲ. ಅಮೆರಿಕದಲ್ಲಿ 1987ರ ಸುಧಾರಣೆಯ ಬಳಿಕ ಇತ್ತೀಚಿನ ತಪಾಸಣಾ ವರದಿಯನ್ನು ಆಶ್ರಮದೊಳಗೇ, ಬಂದವರ ಕೈಗೆ ಸಿಗುವಂತೆ ಇಡಬೇಕು. ಇಂಗ್ಲೆಂಡಿನಲ್ಲಿ 2015ರಿಂದ ಆರೈಕೆ ಮನೆಗಳು ತಮಗೆ ಸಿಕ್ಕ ದರ್ಜೆಯನ್ನು ಬಾಗಿಲ ಬಳಿ ಹಾಕಬೇಕು. ಅಲ್ಲಿಯೂ ಅನ್ಯಾಯಗಳು ನಡೆದಿವೆ. ಆದರೆ ಮಗಳು ಓದಬಹುದಾದ ಕಾಗದವಾದರೂ ಇದೆ.

ಅಕ್ಕಪಕ್ಕದವರು ಕೇಳಲು ಬಂದಾಗ ನಾನು ಹೇಳುವುದು ಇದು. ಮಾಹಿತಿ ಹಕ್ಕು ಖಾಸಗಿ ಆಶ್ರಮಕ್ಕೆ ನೇರವಾಗಿ ಅನ್ವಯಿಸದು. ಆದರೆ ಯಾವುದೇ ಕಾನೂನಿನಡಿ ಸರ್ಕಾರಿ ಕಚೇರಿ ಖಾಸಗಿ ಸಂಸ್ಥೆಯಿಂದ ಪಡೆಯಬಹುದಾದ ಮಾಹಿತಿಯನ್ನು ಆ ಕಚೇರಿಯಿಂದ ನಾವೂ ಕೇಳಬಹುದು. 2005ರ ಕಾಯ್ದೆಯ ಎರಡನೆಯ ಕಲಮಿನಲ್ಲೇ ಅದು ಇದೆ. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. ಆದ್ದರಿಂದ ನೋಂದಣಿ ಸಂಖ್ಯೆ ಕೇಳಿ ಬರೆದುಕೊಳ್ಳಿ, ಸಮಾಜ ಕಲ್ಯಾಣ ಇಲಾಖೆಗೆ ಅರ್ಜಿ ಹಾಕಿ ಕೊನೆಯ ತಪಾಸಣೆಯ ವರದಿ ಕೇಳಿ. ಆಸ್ಪತ್ರೆಯಂತೆ ನಡೆಯುವ ಜಾಗವಾದರೆ ಆರೋಗ್ಯ ಸೇವೆಗಳ ಜಂಟಿ ನಿರ್ದೇಶಕರನ್ನು ಕೇಳಿ. ಹೊಸ ಮಸೂದೆ ಬರುವುದಾದರೆ ರಾತ್ರಿ ಪಾಳಿಯಲ್ಲಿ ಎಷ್ಟು ಮಂದಿ, ಎಷ್ಟು ಜನ ಬಿದ್ದರು, ಎಷ್ಟು ಜನರಿಗೆ ಬೆನ್ನು ಹುಣ್ಣಾಯಿತು, ಎಷ್ಟು ಜನ ತೀರಿಕೊಂಡರು ಎಂಬ ನಾಲ್ಕು ಲೆಕ್ಕವನ್ನು ಪ್ರತಿ ತಿಂಗಳು ಬಾಗಿಲಲ್ಲಿ ಬರೆದು ಹಾಕುವಂತೆ ಆಗಬೇಕು, ಅದರ ನಿಯಮಗಳು ಅದೇ ವರ್ಷ ಹೊರಬರಬೇಕು.