ಸುತ್ತಿಗೆ, ಸರಳು ಮತ್ತು ಮೋಟಾರು: ಹಳೆಯ ಟಿವಿಗಳ ದೂರನಿಯಂತ್ರಣ

ಬಿ.ಎಸ್ಸಿ. ತರಗತಿಯಲ್ಲಿ ಕುಂಡ್ಟ್ ನಳಿಕೆಯ ಪ್ರಯೋಗ ಮಾಡಿದವರು ಅದರ ಕೀರಲು ಧ್ವನಿಯನ್ನು ಮರೆತಿರಲಾರರು. ಒಂದು ಮೀಟರ್ ಉದ್ದದ ಲೋಹದ ಸರಳನ್ನು ನಟ್ಟನಡುವೆ ಬಿಗಿದು, ರಾಳ ಸವರಿದ ಬಟ್ಟೆಯಿಂದ ಉಜ್ಜುತ್ತೇವೆ. ಸರಳು ಉದ್ದುದ್ದಕ್ಕೆ ಹಿಗ್ಗಿ ಕುಗ್ಗಿ ಕಂಪಿಸುತ್ತದೆ. ನಡುವೆ ನಿಸ್ಪಂದ ಬಿಂದು, ಎರಡೂ ತುದಿಗಳಲ್ಲಿ ಪ್ರಸ್ಪಂದ ಬಿಂದು. ಇದೇ ಸರಳನ್ನು ಬೆರಳುದ್ದಕ್ಕೆ ಕತ್ತರಿಸಿದರೆ ಏನಾದೀತು? ಅದಕ್ಕೆ ಉತ್ತರ 1956ರ ಅಮೆರಿಕದ ಒಂದು ಟಿವಿ ರಿಮೋಟಿನಲ್ಲಿದೆ.

ಆಗಿನ ಟಿವಿಯಲ್ಲಿ ಚಾನೆಲ್ ಬದಲಿಸುವುದೆಂದರೆ ಟ್ಯೂನರಿನ ಗುಂಡಿಯನ್ನು ಕೈಯಿಂದ 'ಟಕ್ ಟಕ್' ಎಂದು ತಿರುಗಿಸುವುದು. ಒಳಗಿನ ಉರುಳೆ ತಿರುಗಿದಂತೆ ಒಂದೊಂದು ಚಾನೆಲಿಗೆ ಒಂದೊಂದು ಸುರುಳಿ ಮಂಡಲಕ್ಕೆ ಸೇರಿಕೊಳ್ಳುತ್ತಿತ್ತು. ಆದ್ದರಿಂದ ದೂರದಿಂದ ಚಾನೆಲ್ ಬದಲಿಸಬೇಕಾದರೆ ಕೈಯ ಬದಲು ಗುಂಡಿ ತಿರುಗಿಸುವ ಮೋಟಾರೊಂದು ಬೇಕಿತ್ತು. ಷಿಕಾಗೋದ ಜೆನಿತ್ ಕಂಪನಿ 1950ರಲ್ಲಿ ಹೊರತಂದ 'ಲೇಜಿ ಬೋನ್ಸ್' (ಸೋಮಾರಿ ಎಂದೇ ಅರ್ಥ!) ಮಾಡಿದ್ದು ಇಷ್ಟನ್ನೇ. ಕೈಯಲ್ಲಿ ಗುಂಡಿ, ಟಿವಿಯಲ್ಲಿ ಮೋಟಾರು, ನಡುವೆ ಉದ್ದನೆಯ ತಂತಿ. ಆ ತಂತಿಗೆ ಮನೆಮಂದಿ ಎಡವತೊಡಗಿದರು.

1955ರಲ್ಲಿ ಅದೇ ಕಂಪನಿಯ ಯೂಜೀನ್ ಪಾಲಿ ತಂತಿಯನ್ನು ಕೈಬಿಟ್ಟು ಬೆಳಕನ್ನು ಹಿಡಿದರು. 'ಫ್ಲ್ಯಾಷ್‌ಮ್ಯಾಟಿಕ್' ಟಿವಿಯ ಪರದೆಯ ನಾಲ್ಕು ಮೂಲೆಗಳಲ್ಲಿ ನಾಲ್ಕು ದ್ಯುತಿಕೋಶಗಳು. ಪಿಸ್ತೂಲಿನಾಕಾರದ ಟಾರ್ಚಿನಿಂದ ಬೇಕಾದ ಮೂಲೆಗೆ ಬೆಳಕು ಬಿಟ್ಟರೆ ಆಯಿತು. ಆದರೆ ದ್ಯುತಿಕೋಶಕ್ಕೆ ಟಾರ್ಚಿನ ಬೆಳಕು ಯಾವುದು, ಬಿಸಿಲು ಯಾವುದು ಎಂದು ತಿಳಿಯದು. ಕಿಟಕಿಯಿಂದ ಬಿಸಿಲು ಬಿದ್ದರೆ ಟ್ಯೂನರು ತಾನೇ ತಿರುಗುತ್ತಿತ್ತು.

ಮುಂದಿನ ಹೆಜ್ಜೆ ರಾಬರ್ಟ್ ಆಡ್ಲರ್ ಅವರದು. ಇವರು 1937ರಲ್ಲಿ ವಿಯೆನ್ನಾದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು, 1941ರಲ್ಲಿ ಜೆನಿತ್ ಸೇರಿದವರು. ರೇಡಿಯೋ ತರಂಗ ಗೋಡೆಯನ್ನು ದಾಟಿ ಪಕ್ಕದ ಮನೆಯ ಟಿವಿಯನ್ನೂ ಬದಲಿಸೀತು. ಕೇಳಿಸುವ ಧ್ವನಿಯಾದರೆ ಮನೆಯವರಿಗೇ ಕಿರಿಕಿರಿ. ಉಳಿದದ್ದು ಶ್ರವಣಾತೀತ ಧ್ವನಿ. ಜೊತೆಗೆ, ರಿಮೋಟಿನಲ್ಲಿ ಬ್ಯಾಟರಿ ಇರಕೂಡದೆಂಬುದು ಮಾರಾಟ ವಿಭಾಗದವರ ಪಟ್ಟು. ಬ್ಯಾಟರಿ ಮುಗಿದಾಗ ಜನ ಟಿವಿಯೇ ಕೆಟ್ಟಿತೆಂದು ಭಾವಿಸುತ್ತಾರೆ ಎಂಬ ಅಂಜಿಕೆ ಅವರದು.

ಆಡ್ಲರ್ ಬಳಸಿದ್ದು ಸುಮಾರು ಎರಡೂವರೆ ಅಂಗುಲದ, ಅಂದರೆ 6.35 ಸೆಂ.ಮೀ.ನ ಅಲ್ಯೂಮಿನಿಯಂ ಸರಳುಗಳನ್ನು. ಗುಂಡಿ ಒತ್ತಿದಾಗ ಸ್ಪ್ರಿಂಗಿನ ಪುಟ್ಟ ಸುತ್ತಿಗೆ ಸರಳಿನ ತುದಿಗೆ ಬಡಿಯುತ್ತದೆ. ಈಗ ಲೆಕ್ಕ ಮಾಡಿ. ಅಲ್ಯೂಮಿನಿಯಂನ ಯಂಗ್ ಗುಣಾಂಕ ಚದರ ಮೀಟರಿಗೆ 7×10¹⁰ ನ್ಯೂಟನ್, ಸಾಂದ್ರತೆ ಘನ ಮೀಟರಿಗೆ 2700 ಕಿ.ಗ್ರಾಂ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸರಳಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 5090 ಮೀಟರ್. ಇದನ್ನು ಸರಳಿನ ಉದ್ದದ ಇಮ್ಮಡಿಯಿಂದ ಭಾಗಿಸಿದರೆ ಆವೃತ್ತಿ ಸುಮಾರು 40 ಕಿಲೋಹರ್ಟ್ಸ್. ಒಂದು ಮೀಟರ್ ಸರಳಿಗೆ ಇದೇ ಲೆಕ್ಕ 2.5 ಕಿಲೋಹರ್ಟ್ಸ್ ಕೊಡುತ್ತದೆ. ನಾವು ಪ್ರಯೋಗಾಲಯದಲ್ಲಿ ಕೇಳುವುದು ಅದನ್ನೇ. ನಾಲ್ಕು ಆಜ್ಞೆಗಳಿಗೆ ನಾಲ್ಕು ಸರಳುಗಳು, ಉದ್ದದಲ್ಲಿ ಸ್ವಲ್ಪ ಸ್ವಲ್ಪ ವ್ಯತ್ಯಾಸ. 1.6 ಮಿ.ಮೀ. ವ್ಯತ್ಯಾಸವಾದರೆ ಆವೃತ್ತಿ ಒಂದು ಕಿಲೋಹರ್ಟ್ಸ್ ಬದಲಾಗುತ್ತದೆ.

ಇದನ್ನು ನಮ್ಮ ಪ್ರಯೋಗಾಲಯದಲ್ಲೇ ನೋಡಿದ್ದೇವೆ. ದೂರ ಅಳೆಯಲು ಬಳಸುವ 40 ಕಿಲೋಹರ್ಟ್ಸ್‌ನ ಅಗ್ಗದ ಸಂವೇದಕವನ್ನು ಆಸಿಲೋಸ್ಕೋಪಿಗೆ ಜೋಡಿಸಿ, ಎದುರಿಗೆ ಸರಳಿಗೆ ಬಡಿದೆವು. ಮೊದಲ ದಿನ ಏನೂ ಕಾಣಲಿಲ್ಲ. ವಿದ್ಯಾರ್ಥಿಯೊಬ್ಬ ಸರಳನ್ನು ತುದಿಯಲ್ಲಿ ಹಿಡಿದಿದ್ದ! ನಡುವೆ ದಾರ ಕಟ್ಟಿ ತೂಗುಬಿಟ್ಟ ಮೇಲೆ ಕ್ರಮೇಣ ಕ್ಷೀಣಿಸುವ ಸುಂದರವಾದ ತರಂಗ ಪರದೆಯ ಮೇಲೆ ಮೂಡಿತು.

ಈ 'ಸ್ಪೇಸ್ ಕಮಾಂಡ್' ಟಿವಿಗಳನ್ನು ಈಗ ದುರಸ್ತಿ ಮಾಡಿ ಮತ್ತೆ ನಡೆಸುವ ಹವ್ಯಾಸಿಗಳಿದ್ದಾರೆ. ಅವರ ಕೆಲಸದಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಒಂದು ಪ್ರಶ್ನೆ. ಗುಂಡಿ ಒತ್ತಿದರೆ ಮೋಟಾರು ತಿರುಗದು, ತಪ್ಪು ಎಲ್ಲಿದೆ? ಕೈಯಲ್ಲಿರುವ ರಿಮೋಟಿನ ಮೇಲೆಯೇ ಮೊದಲ ಅನುಮಾನ. ಸರಳನ್ನು ತುಸು ಅರದಿಂದ ಉಜ್ಜಿ 'ಸರಿಮಾಡುವ' ಆಸೆಯೂ ಆದೀತು. ಅದು ದೊಡ್ಡ ತಪ್ಪು. ಅರ್ಧ ಮಿ.ಮೀ. ಉಜ್ಜಿದರೆ ಆವೃತ್ತಿ 300 ಹರ್ಟ್ಸ್‌ಗೂ ಹೆಚ್ಚು ಏರುತ್ತದೆ, ಮತ್ತೆ ಇಳಿಸುವಂತಿಲ್ಲ. ಅಲ್ಯೂಮಿನಿಯಂನ ಉದ್ದವಾಗಲಿ ಬಿಗಿತವಾಗಲಿ ಎಪ್ಪತ್ತು ವರ್ಷದಲ್ಲಿ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ಇಡೀ ಯಂತ್ರದಲ್ಲಿ ನಂಬಬಹುದಾದ ಅಳತೆಗೋಲು ಆ ಸರಳೇ. ವಯಸ್ಸಾದದ್ದು ಉಳಿದುದಕ್ಕೆ.

ಧ್ವನಿಯನ್ನು ಗ್ರಹಿಸಿ ಮೋಟಾರಿಗೆ ಆಜ್ಞೆ ಕೊಡಲು ಟಿವಿಯಲ್ಲಿ ಆರು ಹೆಚ್ಚುವರಿ ವಾಲ್ವುಗಳಿದ್ದವು. ಬೆಲೆ ಸುಮಾರು ಶೇಕಡಾ 30ರಷ್ಟು ಏರಿದ್ದು ಅದರಿಂದಲೇ. ಅಲ್ಲಿನ ಕಾಗದದ ಕೆಪ್ಯಾಸಿಟರುಗಳು ತೇವ ಹೀರಿ ಸೋರುತ್ತವೆ. ಸೋರಿದ ವಿದ್ಯುತ್ತು ವಾಲ್ವಿನ ಗ್ರಿಡ್ ತಲುಪಿದರೆ ರಿಲೇ ಬಿಡದೆ ಹಿಡಿದುಕೊಂಡು, ಟ್ಯೂನರು ನಿಲ್ಲದೆ ಸುತ್ತುತ್ತಲೇ ಇರಬಹುದು. ಮೋಟಾರಿನ ಹಲ್ಲುಚಕ್ರಗಳ ಗ್ರೀಸು ಗಟ್ಟಿಯಾಗಿದ್ದರೆ ಮೋಟಾರು ಗುಂಯ್‌ಗುಟ್ಟುತ್ತದೆ, ತಿರುಗುವುದಿಲ್ಲ. ಹಾಗೇ ಬಿಟ್ಟರೆ ಸುರುಳಿ ಸುಟ್ಟೀತು. ಆದ್ದರಿಂದ ಮೊದಲು ಹಳೆಯ ಗ್ರೀಸು ತೆಗೆದು, ಕೈಯಿಂದಲೇ ತಿರುಗಿಸಿ ನೋಡಬೇಕು. ನಂತರ ಕೆಪ್ಯಾಸಿಟರುಗಳು. ಕೊನೆಗೆ, ರಿಮೋಟಿನ ಸರಳಿನ ಧ್ವನಿಯನ್ನೇ ಆಧಾರವಾಗಿಟ್ಟು ಗ್ರಾಹಕದ ಸುರುಳಿಗಳ ಶ್ರುತಿ ಹೊಂದಿಸುವುದು. ಶ್ರುತಿಪೆಟ್ಟಿಗೆಗೆ ಅನುಗುಣವಾಗಿ ತಂಬೂರಿಯನ್ನು ಕೂಡಿಸುತ್ತೇವಲ್ಲ, ಹಾಗೆ. (ವಿದ್ಯಾರ್ಥಿಗಳು ಇಂಥ ಟಿವಿಯ ಹಿಂಬದಿಯನ್ನು ಸ್ವತಃ ತೆರೆಯಬಾರದು. ಸ್ವಿಚ್ಚು ಆರಿಸಿದ ಮೇಲೂ ಚಿತ್ರನಳಿಕೆಯಲ್ಲಿ ಸಾವಿರಾರು ವೋಲ್ಟುಗಳ ಆವೇಶ ಉಳಿದಿರುತ್ತದೆ.)

ಆಡ್ಲರರ ವಿಧಾನಕ್ಕೂ ಕೊರತೆಯಿತ್ತು. ಬೀಗದ ಕೈ ಗೊಂಚಲು ಝಣಗುಟ್ಟಿದರೆ ಅದರಲ್ಲಿನ ಶ್ರವಣಾತೀತ ಅಂಶಕ್ಕೆ ಟಿವಿ ಓಗೊಡುತ್ತಿತ್ತು. ಆದರೂ 1980ರ ದಶಕದಲ್ಲಿ ಅವಕೆಂಪು ರಿಮೋಟು ಬರುವವರೆಗೆ ಶ್ರವಣಾತೀತ ವಿಧಾನವೇ ನಡೆಯಿತು. ಹೆಸರು ಹೆಚ್ಚಾಗಿ ಆಡ್ಲರರಿಗೆ ಸಂದಿತು. ಆದರೆ ತಂತಿಯನ್ನು ಮೊದಲು ಕಿತ್ತವರು ಪಾಲಿ, ಇಂದಿನ ಅವಕೆಂಪು ರಿಮೋಟೂ ಬೆಳಕಿನ ದಾರಿಯದೇ. ಆಡ್ಲರ್ 2007ರಲ್ಲಿ, ಪಾಲಿ 2012ರಲ್ಲಿ ತೀರಿಕೊಂಡರು.

ಅಮೆರಿಕದ ಪ್ರಮುಖ ಕೇಂದ್ರಗಳ ಅನಲಾಗ್ ಪ್ರಸಾರ 2009ರ ಜೂನ್ 12ರಂದು ನಿಂತಿತು. ಹೀಗಾಗಿ ದುರಸ್ತಿಯಾದ ಟಿವಿಗೆ ಈಗ ಮಾಡ್ಯುಲೇಟರ್ ಎಂಬ ಪುಟ್ಟ ಪೆಟ್ಟಿಗೆಯಿಂದ ಒಂದೇ ಒಂದು ಚಾನೆಲ್ ಒದಗಿಸುತ್ತಾರೆ. ಸುತ್ತಿಗೆ ಬಡಿದಾಗಲೆಲ್ಲ ಮೋಟಾರು ತಿರುಗಿ, ಟ್ಯೂನರು ಒಂದೊಂದೇ ಖಾಲಿ ಚಾನೆಲನ್ನು ದಾಟಿ ಅಲ್ಲಿಗೆ ಬರುತ್ತದೆ.